ಉಡುಪಿಯಿಂದ ಸ್ಪಿತಿಗೆ ಹಿಮದ ಟಯರ್ ಒಯ್ದದ್ದು: ನನ್ನ ಅನುಭವ

ಕಳೆದ ಜನವರಿಯಲ್ಲಿ ನನ್ನ ಟ್ಯಾಕ್ಸಿ ಹಿಮಾಚಲದ ಸ್ಪಿತಿ ಕಣಿವೆಯ ಕಾಜಾ ಮುಟ್ಟಿ ವಾಪಸ್ ಬಂತು. ಒಂದು ಗೀರೂ ಬೀಳಲಿಲ್ಲ. "ಹಿಮದ ಟಯರ್ ಉಡುಪಿಯವನಿಗೆ ಎಂತಕ್ಕೆ ಮಾರಾಯ, ಟಯರಿಗೆ ಕಬ್ಬಿಣದ ಚೈನ್ ಸುತ್ತಿದರೆ ಸಾಕು" ಎಂದು ಸ್ಟ್ಯಾಂಡಿನಲ್ಲಿ ಹೇಳಿದವರೇ ಈಗ ಫೋನ್ ಮಾಡಿ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ನಾನೂ ಚೈನ್ ನಂಬಿಯೇ ಹೋದದ್ದು. ಚಳಿಗಾಲದಲ್ಲಿ ಮನಾಲಿ ಕಡೆಯ ದಾರಿಯ ಕುಂಜುಮ್ ಪಾಸ್ ಮುಚ್ಚಿರುತ್ತದೆ, ಹಾಗಾಗಿ ಶಿಮ್ಲಾ, ಕಿನ್ನೌರ್ ದಾರಿಯೇ ಗತಿ. ಅಲ್ಲಿ 200 ಮೀಟರ್ ಹಿಮ, ಆಮೇಲೆ 2 ಕಿಲೋಮೀಟರ್ ಬರೀ ಡಾಂಬರು, ಮತ್ತೆ ಹಿಮ. ಡಾಂಬರಿನ ಮೇಲೆ ಚೈನ್ ಓಡಿಸಿದರೆ ಚೈನೂ ಹಾಳು, ಟಯರೂ ಹಾಳು. ಹಾಕು, ಬಿಚ್ಚು, ಹಾಕು, ಬಿಚ್ಚು. ಬೆರಳು ಮರಗಟ್ಟಿ ಕೊಕ್ಕೆ ಸಿಗುವುದಿಲ್ಲ. ನಾಲ್ಕನೇ ಸಲ ಬೇಸರವಾಗಿ ಹಾಕದೆ ಹೊರಟೆ. ನಾಕೋ ಎಂಬ ಊರು ದಾಟಿದ ಮೇಲೆ ಬಿಸಿಲೇ ಬೀಳದ ಒಂದು ತಿರುವು ಉಂಟು. ಅಲ್ಲಿ ಸ್ಟೇರಿಂಗ್ ತಿರುಗಿತು, ಗಾಡಿ ತಿರುಗಲಿಲ್ಲ. ಪುಣ್ಯಕ್ಕೆ ಬೆಟ್ಟದ ಬದಿಗೆ ಹೋಗಿ ಬಡಿಯಿತು. ಬಂಪರ್, ಹೆಡ್‌ಲೈಟ್ ಎಲ್ಲ ಸೇರಿ 18 ಸಾವಿರದ ಹತ್ತಿರ. ಆ ಬಾಡಿಗೆಯಲ್ಲಿ ಉಳಿದದ್ದು ಅದಕ್ಕಿಂತ ಕಡಿಮೆ.

ಎರಡನೇ ವರ್ಷ ದಪ್ಪ ಬಟನ್ (ನೆಲ ಕಚ್ಚುವ ರಬ್ಬರ್ ಉಬ್ಬು) ಇರುವ, ಬದಿಯಲ್ಲಿ ‘ಎಂ ಪ್ಲಸ್ ಎಸ್’ ಎಂದು ಬರೆದ ಟಯರ್ ಹಾಕಿಸಿದೆ. ನಾಲ್ಕಕ್ಕೆ 40 ಸಾವಿರ ದಾಟಿತು. ಕೆಸರಿಗೂ ಹಿಮಕ್ಕೂ ಆಗುತ್ತದೆ ಎಂದು ಆ ಅಕ್ಷರಗಳ ಅರ್ಥ. ಆದರೆ ಅದನ್ನು ಹಾಕಲು ಹಿಮದಲ್ಲಿ ಪರೀಕ್ಷೆ ಆಗಲೇಬೇಕೆಂದಿಲ್ಲ. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಚಿತ್ರ ಇದ್ದರೆ ಮಾತ್ರ ಪರೀಕ್ಷೆ ಆದ ಟಯರ್. ಇದು ನನಗೆ ಗೊತ್ತಾದದ್ದು ದುಡ್ಡು ಹೋದ ಮೇಲೆ. ಗಟ್ಟಿ ಐಸಿನಲ್ಲಿ ಹಳೇ ಕತೆಯೇ ಆಯಿತು, ನಾಕೋಗಿಂತ ಮೊದಲೇ ಸಿಗುವ ಪೂಹ್‌ನಿಂದಲೇ ವಾಪಸ್ ಬಂದೆ. ಗಾಡಿಯಲ್ಲಿ ಬಂದವರಿಗೆ ಅರ್ಧ ಬಾಡಿಗೆ ಹಿಂದೆ ಕೊಟ್ಟೆ.

ಆಮೇಲೆ ಹಟ ಹಿಡಿಯಿತು. ಮಲ್ಪೆಯಲ್ಲಿ ಪರಿಚಯದವರ ಐಸ್ ಪ್ಲಾಂಟ್ ಉಂಟು. ನಮ್ಮ ಹಳೆ ಟಯರಿನ ಒಂದು ತುಂಡು, ದೆಹಲಿಯಿಂದ ತರಿಸಿದ ಹಿಮದ ಟಯರಿನ ಒಂದು ತುಂಡು, ಎರಡನ್ನೂ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಟ್ಟೆ. ಅಲ್ಲಿ ಮೈನಸ್ 8, 10 ಡಿಗ್ರಿ ಇರುತ್ತದೆ. ಎರಡು ಗಂಟೆ ಬಿಟ್ಟು ತೆಗೆದೆ. ನಮ್ಮ ತುಂಡು ಒಣಗಿದ ಚಪ್ಪಲಿಯ ಹಾಗೆ ಸೆಟೆದಿತ್ತು, ಉಗುರು ಇಳಿಯಲಿಲ್ಲ. ಇನ್ನೊಂದನ್ನು ಎರಡು ಬೆರಳಲ್ಲಿ ಬಗ್ಗಿಸಿದರೆ ಬಗ್ಗಿತು. ಬಗ್ಗಿದಾಗ ಬಟನ್ ಮೇಲಿನ ಕೂದಲೆಳೆಯಂಥ ಸೀಳುಗಳೆಲ್ಲ ಬಾಯಿ ಬಿಟ್ಟವು. ಐಸ್ ಗಡ್ಡೆಯ ಮೇಲೆ ಒತ್ತಿ ಎಳೆದರೆ ಆ ಸೀಳಿನ ಅಂಚುಗಳು ಕಚ್ಚುವುದು ಕೈಗೇ ಗೊತ್ತಾಗುತ್ತಿತ್ತು. ಸಾಮಾನ್ಯ ಟಯರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತಾ ಹೋಗುತ್ತದೆ ಎಂದು ಓದಿದ್ದೆ. ಅವತ್ತು ಮುಟ್ಟಿ ನೋಡಿದೆ.

ಟಯರ್ ಕೊಳ್ಳುವಾಗಲೂ ಒಂದು ಪೆಟ್ಟು ತಿಂದೆ. 235/65 ಆರ್ 17, ನಾಲ್ಕಕ್ಕೆ 28 ಸಾವಿರ, ಸೆಕೆಂಡ್ ಹ್ಯಾಂಡ್. ಬಟನ್ ಚೆನ್ನಾಗಿತ್ತು. ಬಂದ ಮೇಲೆ ಟಯರಿನ ಬದಿಯಲ್ಲಿ ಒತ್ತಿದ, ತಯಾರಾದ ತಾರೀಕಿನ ನಾಲ್ಕು ಅಂಕಿ ನೋಡಿದರೆ ಒಂದರಲ್ಲಿ 3811. ಅಂದರೆ 2011ರ 38ನೇ ವಾರದ್ದು! ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು. ಅಂಗಡಿಯವರು ಬದಲಿಸಿಕೊಡಲಿಲ್ಲ. ಬೇರೆ ಒಂದಕ್ಕೆ 8 ಸಾವಿರ ಮತ್ತೆ ಹೋಯಿತು. ಮೂರೇ ಹಾಕಿ ಸುಧಾರಿಸುತ್ತೇನೆ ಎಂದರೆ ಆಗುವುದಿಲ್ಲ. ಎದುರಿನದ್ದು ಹಿಡಿದು ಹಿಂದಿನದ್ದು ಜಾರಿದರೆ ಗಾಡಿ ಸುತ್ತುತ್ತದೆ.

ಇನ್ನು ನನ್ನ ಉಪಾಯ. ಈ ಮೆತ್ತಗಿನ ಟಯರ್ ಹಾಕಿಕೊಂಡು ಉಡುಪಿಯಿಂದಲೇ ಹೊರಟರೆ ಬಿಸಿ ರಸ್ತೆಯಲ್ಲೇ ಅರ್ಧ ಸವೆಯುತ್ತದೆ. ಹಾಗಾಗಿ ಬೇರೆ ನಾಲ್ಕು ಡಿಸ್ಕಿಗೆ, ಅಂದರೆ ಚಕ್ರದ ರಿಮ್ಮಿಗೆ, ಹಾಕಿಸಿ, ಗಾಳಿ ತುಂಬಿಸಿ, ಲಾರಿ ಪಾರ್ಸೆಲ್‌ನಲ್ಲಿ ಚಂಡೀಗಢಕ್ಕೆ ಮೊದಲೇ ಕಳಿಸಿದೆ. ಮೂರು ಸಾವಿರ ಚಿಲ್ಲರೆ. ಅಲ್ಲಿಂದ ಹಿಂದಿನ ಸೀಟ್ ಮಡಚಿ ಗಾಡಿಯಲ್ಲೇ ಮೇಲೆ ಒಯ್ದೆ. ಕಿನ್ನೌರಿನ ರೆಕಾಂಗ್ ಪಿಯೊದಲ್ಲಿ ಬದಲಾಯಿಸಿ, ನಮ್ಮ ಟಯರ್ ಅಲ್ಲೇ ಪಂಕ್ಚರ್ ಅಂಗಡಿಯಲ್ಲಿ ಇಟ್ಟೆ. ಒಂದು ಗಂಟೆಯ ಕೆಲಸ.

ಗಾಳಿಯದ್ದು ಒಂದು ಮಜಾ. ಉಡುಪಿಯ ಮಧ್ಯಾಹ್ನ 33 ಪೌಂಡ್ ಒತ್ತಡಕ್ಕೆ ಗಾಳಿ ತುಂಬಿಸಿದ್ದೆ. ಕಾಜಾದ ಚಳಿಗೆ 7, 8 ಪೌಂಡ್ ಇಳಿಯಬೇಕು. ಆದರೆ ಅಷ್ಟು ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆ, ಹಾಗಾಗಿ ಗೇಜ್ 5 ಪೌಂಡಿನಷ್ಟು ಜಾಸ್ತಿ ತೋರಿಸುತ್ತದೆ. ಬೆಳಿಗ್ಗೆ ನೋಡಿದಾಗ 30ರ ಆಸುಪಾಸು ಇತ್ತು. ಆಮೇಲೆ ನಾನು ಎಷ್ಟಕ್ಕೆ ಇಟ್ಟು ಓಡಿಸಿದೆ ಎಂಬುದು ನನ್ನಲ್ಲೇ ಇರಲಿ. ಎರಡು ವರ್ಷ ಕಳೆದು ಕಲಿತದ್ದು ಅದು.

ನಾಕೋ ದಾಟಿ ಅದೇ ತಿರುವು ಬಂತು. ಬೆಳಿಗ್ಗೆ ಎಂಟು ಗಂಟೆ. ಎದುರಿಗೆ ಒಂದು ಪಿಕಪ್ ನಿಲ್ಲಿಸಿ ಚೈನ್ ಕಟ್ಟುತ್ತಿದ್ದರು. ನಾನು ಸೆಕೆಂಡ್ ಗೇರಿನಲ್ಲಿ, ಬ್ರೇಕ್ ಮುಟ್ಟದೆ, ಮೆಲ್ಲ ಹತ್ತಿಸಿದೆ. ಗಾಡಿ ತಿರುಗಿತು. ಹಿಂದೆ ಕೂತಿದ್ದ ಅಮ್ಮ ಒಬ್ಬರು "ಕೊಲ್ಲೂರಮ್ಮಾ" ಎಂದು ಉಸಿರು ಬಿಟ್ಟರು. ನನ್ನ ಕಣ್ಣಲ್ಲೂ ನೀರು ಬಂತು.

ವಾಪಸ್ ಬಂದು ಇನ್ನೊಂದು ಪ್ರಯೋಗ ಮಾಡಿದೆ. ಮಳೆಗಾಲದಲ್ಲಿ ಕಾರ್ಕಳದ ಭಾವನ ತೋಟದ ಕೆಮ್ಮಣ್ಣು ದಾರಿಗೆ ಇವನ್ನೇ ಹಾಕಿ ನೋಡಿದೆ. ಪ್ರಯೋಜನ ಇಲ್ಲ. ಹಿಮ ಬಟನಿನ ಸಂದಿಯಲ್ಲಿ ತುಂಬಿಕೊಂಡರೆ ಒಳ್ಳೆಯದೇ, ಹಿಮಕ್ಕೆ ಹಿಮ ಅಂಟುತ್ತದೆ. ಕೆಸರು ತುಂಬಿದರೆ ಟಯರ್ ಬೋಳು ಆದ ಹಾಗೆ. ಆಗುಂಬೆ ಘಾಟಿಯ ತಿರುವುಗಳಲ್ಲೂ ಗಾಡಿ ತೇಲಿದ ಹಾಗೆ ಆಗುತ್ತಿತ್ತು. ಎರಡೇ ದಿನಕ್ಕೆ ಬಿಚ್ಚಿ ಅಟ್ಟಕ್ಕೆ ಹಾಕಿದೆ.

ಈಗ ಬಟನ್ ಆರೂವರೆ ಮಿಲಿಮೀಟರ್ ಉಂಟು. ನಾಲ್ಕಕ್ಕೆ ಇಳಿದರೆ ಹಿಮಕ್ಕೆ ನಂಬುವುದಿಲ್ಲ. ಇನ್ನು ಎರಡು ಟ್ರಿಪ್ ಆಗಬಹುದು. ಯಾವ ಟಯರ್ ಯಾವ ಮೂಲೆಯದ್ದು ಎಂದು ಚಾಕ್‌ನಲ್ಲಿ ಬರೆದು ಇಟ್ಟಿದ್ದೇನೆ.