ರಜೆಯ ಶನಿವಾರಗಳು ಮತ್ತು ಫಾರಂ 20

ಬ್ಯಾಂಕಿನವರಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಅಂತ ಆಗಿದ್ದು 2015ರಲ್ಲಿ. ನಮ್ಮ ಶಾಖೆಯಲ್ಲಿ ಒಬ್ಬರು ಆ ದಿನ ಬೆಟ್ಟ ಹತ್ತಲು ಹೋಗುತ್ತಾರೆ, ಇನ್ನೊಬ್ಬರು ತಾರಸಿಯಲ್ಲಿ ಟೊಮೇಟೊ ಬೆಳೆಯುತ್ತಾರೆ. ನಾನು ಚುನಾವಣಾ ಆಯೋಗದ ಫಾರಂ 20 ಓದುತ್ತೇನೆ. ಹೀಗಂದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ದನಿ ತಗ್ಗಿಸಿ, 'ಯಾವ ಪಾರ್ಟಿಗೆ ಮಾಡ್ಕೊಡ್ತೀರಾ?' ಅನ್ನುತ್ತಾರೆ. ಯಾವ ಪಾರ್ಟಿಗೂ ಅಲ್ಲ. ಲೆಕ್ಕ ತಾಳೆ ನೋಡುವುದು ಹೊಟ್ಟೆಪಾಡಿನ ಕೆಲಸ, ರಜೆಯಲ್ಲೂ ಅದೇ ಖುಷಿ ಕೊಟ್ಟರೆ ಏನು ಮಾಡೋಣ.

ಫಾರಂ 20 ಅಂದರೆ ಒಂದು ಕ್ಷೇತ್ರದ ಪೂರ್ತಿ ಫಲಿತಾಂಶದ ಹಾಳೆ. ಒಂದು ಸಾಲಿಗೆ ಒಂದು ಬೂತ್. ಆ ಬೂತ್‌ನಲ್ಲಿ ಯಾವ ಅಭ್ಯರ್ಥಿಗೆ ಎಷ್ಟು ಮತ, ನೋಟಾಕ್ಕೆ ಎಷ್ಟು, ಒಟ್ಟು ಎಷ್ಟು, ಎಲ್ಲ ಅಡ್ಡಡ್ಡ ಬರುತ್ತದೆ. ಕೊನೆಯಲ್ಲಿ ಮತಯಂತ್ರಗಳ ಒಟ್ಟು ಮೊತ್ತ, ಅದರ ಕೆಳಗೆ ಅಂಚೆ ಮತ, ಅದರ ಕೆಳಗೆ ಅಂತಿಮ ಮೊತ್ತ. ಚುನಾವಣಾಧಿಕಾರಿಯ ಸಹಿ. ಇದನ್ನು ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಿನಲ್ಲಿ ಪಿಡಿಎಫ್ ಆಗಿ ಹಾಕುತ್ತಾರೆ. ಗುಟ್ಟಿನ ಕಾಗದವಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ನನಗೆ ಇದರ ರುಚಿ ಹತ್ತಿದ್ದು 2023ರ ಮೇ 13ರಂದು. ಬ್ಯಾಂಕ್ ನೌಕರರನ್ನು ಎಣಿಕೆಗೆ ಮೈಕ್ರೋ ಅಬ್ಸರ್ವರ್ ಆಗಿ, ಅಂದರೆ ಟೇಬಲ್ಲಿನ ಎಣಿಕೆ ಸರಿಯಾಗಿ ನಡೆಯುತ್ತಿದೆಯೇ ಅಂತ ನೋಡುವವರಾಗಿ, ಹಾಕುವುದುಂಟು; ಆ ಸಲ ನನ್ನ ಹೆಸರೂ ಬಂದಿತ್ತು. ಬೆಳಿಗ್ಗೆ ಗೇಟಿನಲ್ಲೇ ಮೊಬೈಲ್ ಕೊಟ್ಟು ಒಳಗೆ ಹೋದರೆ ಮತ್ತೆ ಹೊರಗಿನ ಪ್ರಪಂಚವಿಲ್ಲ. ಟೇಬಲ್ಲಿಗೆ ಒಬ್ಬ ಸೂಪರ್‌ವೈಸರ್, ಒಬ್ಬ ಸಹಾಯಕ, ಪಕ್ಕದಲ್ಲಿ ನಾನು. ಜಾಲರಿಯ ಆಚೆ ಪಕ್ಷಗಳ ಏಜೆಂಟರು, ಕೈಯಲ್ಲಿ ಪೆನ್ನು ಕಾಗದ. ಸ್ಟ್ರಾಂಗ್ ರೂಮಿನಿಂದ ಕಂಟ್ರೋಲ್ ಯೂನಿಟ್, ಅಂದರೆ ಮತಯಂತ್ರದಲ್ಲಿ ಮತಗಳ ಲೆಕ್ಕ ಇರುವ ಭಾಗ, ಬರುತ್ತದೆ. ಮೊದಲು ಅದರ ಸಂಖ್ಯೆ ಮತ್ತು ಸೀಲನ್ನು ಏಜೆಂಟರಿಗೆ ತೋರಿಸಬೇಕು. ಬೂತ್‌ನಿಂದ ಬಂದ ಫಾರಂ 17ಸಿಯಲ್ಲಿ ಬರೆದ ಒಟ್ಟು ಮತ, ಯಂತ್ರ ತೋರಿಸುವ ಒಟ್ಟು ಮತ ಎರಡೂ ಒಂದೇ ಇರಬೇಕು. ಆಮೇಲೆ ಸೀಲ್ ಹರಿದು 'ರಿಸಲ್ಟ್' ಗುಂಡಿ ಒತ್ತಿದರೆ ಅಭ್ಯರ್ಥಿ ಒಂದು, ಇಷ್ಟು. ಅಭ್ಯರ್ಥಿ ಎರಡು, ಇಷ್ಟು ಅಂತ ಒಂದೊಂದಾಗಿ ಬರುತ್ತದೆ. ಹಿಂದೆ ಕೂತವರಿಗೆ ಕಾಣದಿದ್ದರೆ 'ಸಾರ್, ಇನ್ನೊಂದ್ಸಲ' ಅನ್ನುತ್ತಾರೆ, ಸೂಪರ್‌ವೈಸರ್ ಯಂತ್ರ ಎತ್ತಿ ಹಿಡಿದು ಮತ್ತೆ ಒತ್ತುತ್ತಾರೆ. ಕೂಗಾಟವಿಲ್ಲ. ತಿಂಗಳ ಕೊನೆಯ ಕ್ಯಾಶ್ ಕೌಂಟರ್‌ನಲ್ಲಿ ಇದಕ್ಕಿಂತ ಹೆಚ್ಚು ಗಲಾಟೆ ಇರುತ್ತದೆ.

ಸಂಜೆ ಮನೆಗೆ ಬಂದರೆ ಮಾವ ಟೀವಿ ಮುಂದೆಯೇ ಇದ್ದರು. ಬೆಳಿಗ್ಗೆ ಏಳಕ್ಕೆ ಕೂತವರಂತೆ. ಕೆಂಪು ಪಟ್ಟಿ, ಹಳದಿ ಪಟ್ಟಿ, ಗುಡುಗಿನ ಸದ್ದು, ಹಾರಿಬರುವ ಅಂಕಿಗಳು.

'ಏನಮ್ಮ, ಹತ್ತು ಗಂಟೆಗೇ ಆತ ಸೋತ ಅಂದ್ಬಿಟ್ರು. ಮಧ್ಯಾಹ್ನ ನೋಡಿದ್ರೆ ಗೆದ್ದ ಅಂತಾರೆ. ಒಳಗೆ ಏನು ನಡೀತು?'

'ಏನೂ ನಡೀಲಿಲ್ಲ ಮಾವ. ಅವರ ಹೋಬಳಿ ಕೊನೇಲಿ ಬಂತು, ಅಷ್ಟೆ.'

ಮಾವನಿಗೆ ಅದು ಒಪ್ಪಿಗೆಯಾಗಲಿಲ್ಲ. ಅಷ್ಟು ಹೊತ್ತು ಅಷ್ಟು ಜನ ಚರ್ಚೆ ಮಾಡಿದ್ದಾರೆ, ಏನೋ ಇರಲೇಬೇಕು ಅಂತ ಅವರ ವಾದ. ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ಹಾಳೆಯಲ್ಲೇ ತೋರಿಸೋಣ ಅಂತ ಆ ಕ್ಷೇತ್ರದ ಫಾರಂ 20 ಇಳಿಸಿಕೊಂಡೆ. ಶುರುವಾಗಿದ್ದು ಹಾಗೆ.

ವಿಷಯ ಸರಳ. ಒಂದು ವಿಧಾನಸಭಾ ಕ್ಷೇತ್ರದ ಎಣಿಕೆಗೆ ಸಾಮಾನ್ಯವಾಗಿ ಹದಿನಾಲ್ಕು ಟೇಬಲ್. ಹದಿನಾಲ್ಕು ಬೂತ್ ಮುಗಿದರೆ ಒಂದು ಸುತ್ತು. ಬೂತ್‌ಗಳು ಬರುವುದು ಕ್ರಮಸಂಖ್ಯೆಯ ಪ್ರಕಾರ: ಮೊದಲ ಸುತ್ತಿಗೆ 1ರಿಂದ 14, ಎರಡನೆಯದಕ್ಕೆ 15ರಿಂದ 28. ಅಕ್ಕಪಕ್ಕದ ಊರುಗಳಿಗೆ ಅಕ್ಕಪಕ್ಕದ ಸಂಖ್ಯೆ ಇರುವುದರಿಂದ ಮೊದಲ ನಾಲ್ಕೈದು ಸುತ್ತೆಲ್ಲ ಕ್ಷೇತ್ರದ ಒಂದೇ ಮೂಲೆಯವು. ಆ ಮೂಲೆ ಒಬ್ಬರ ತವರು ಹೋಬಳಿಯಾಗಿದ್ದರೆ ಅವರಿಗೆ 'ಭಾರೀ ಮುನ್ನಡೆ'. ಸುತ್ತುಗಳು ಪಟ್ಟಣದೊಳಕ್ಕೆ ಬಂದಾಗ 'ಬಿಗ್ ಟ್ವಿಸ್ಟ್'. ಜನ ಮತ ಹಾಕಿ ಮೂರು ದಿನವಾಗಿದೆ, ಯಂತ್ರದೊಳಗಿನ ಅಂಕಿ ಆಗಲೇ ಕೂತಿದೆ. ತಿರುಗುತ್ತಿರುವುದು ನಾವು ತೆರೆಯುವ ಪೆಟ್ಟಿಗೆಗಳ ಸರದಿ ಮಾತ್ರ. ಸುತ್ತುವಾರು ಮೊತ್ತ ಹಾಕಿ ಗೆರೆ ಎಳೆದು ತೋರಿಸಿದಾಗ ಮಾವ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. 'ಹಾಗಾದ್ರೆ ಹತ್ತು ಗಂಟೆಗೆ ಇವರೆಲ್ಲ ಏನು ಮಾತಾಡ್ತಾ ಇದ್ರು?' ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಕೆಲಸ ಮಾಡುವ ಬಗೆ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾಗಬಹುದು. ಪಿಡಿಎಫ್‌ಗಳಲ್ಲಿ ಎಷ್ಟೋ ಸ್ಕ್ಯಾನ್ ಮಾಡಿದ ಚಿತ್ರಗಳು. ಹಾಳೆ ಓರೆಯಾಗಿರುತ್ತದೆ, ಅಂಕಿಯ ಮೇಲೆ ಸೀಲು ಬಿದ್ದಿರುತ್ತದೆ. ಬೂತ್‌ಗಳ ಹೆಸರಿನ ಪಟ್ಟಿ ಬೇರೆ ಕಡತ. ಹಳೆಯ ಪಟ್ಟಿಗಳು ಯೂನಿಕೋಡ್‌ಗೆ ಮುಂಚಿನ ಫಾಂಟಿನಲ್ಲಿ ಇರುವುದರಿಂದ ಕಾಪಿ ಮಾಡಿ ಅಂಟಿಸಿದರೆ ಕನ್ನಡದ ಬದಲು ಯಾವುದೋ ಚಿತ್ರಲಿಪಿ ಉದುರುತ್ತದೆ. ಅದನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಸುಮಾರಾಗಿ ಕೆಲಸ ಮಾಡುತ್ತವೆ, ಒತ್ತಕ್ಷರದಲ್ಲಿ ಎಡವುತ್ತವೆ. ಅಂಕಿಗಳಿಗೆ ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶ ಬಳಸುತ್ತೇನೆ. ಅದಕ್ಕೆ ಕನ್ನಡವೂ ಓದಲು ಬರುತ್ತದೆ. ಮಸಿ ಹರಡಿದ್ದರೆ 1 ಮತ್ತು 7, 3 ಮತ್ತು 8 ಅದಲುಬದಲಾಗುತ್ತವೆ. ಉಳಿದಿದ್ದು ಲಿಬ್ರೆ ಆಫೀಸಿನ ಹಾಳೆಯಲ್ಲಿ.

ಈಗಂತೂ ಎಲ್ಲರೂ ಕೇಳುವುದು, 'ಎಐಗೆ ಕೊಟ್ರೆ ಒಂದು ನಿಮಿಷದ ಕೆಲಸ ಅಲ್ವಾ?' ಅಂತ. ಕೊಟ್ಟು ನೋಡಿದೆ. ಫೋಟೊ ಹಾಕಿದ್ದೇ ತಡ, ಕಣ್ಣಿಗೆ ಹಬ್ಬವಾಗುವಂಥ ಕೋಷ್ಟಕ ಬಂತು. ಎಲ್ಲ ಮನೆ ಭರ್ತಿ. ಅದೇ ನನಗೆ ಅನುಮಾನ ತಂದಿದ್ದು, ಏಕೆಂದರೆ ಆ ಪುಟದಲ್ಲಿ ಎರಡು ಮನೆಗಳ ಮೇಲೆ ಸೀಲಿನ ಮಸಿ ಬಿದ್ದು ನನಗೇ ಓದಲು ಆಗುತ್ತಿರಲಿಲ್ಲ. ಅಡ್ಡಸಾಲು ಕೂಡಿದರೆ ಮೊತ್ತ ತಾಳೆಯಾಗಲಿಲ್ಲ. ಕಾಣದ್ದನ್ನು ಕಾಣಲಿಲ್ಲ ಅನ್ನುವ ಬದಲು ತೋಚಿದ ಅಂಕಿ ತುಂಬಿತ್ತು. ಹೊಸದಾಗಿ ಸೇರಿದ ಗುಮಾಸ್ತ ಹೀಗೆ ಮಾಡಿದರೆ ಮ್ಯಾನೇಜರ್ ಸುಮ್ಮನೆ ಬಿಡುತ್ತಾರೆಯೇ? ಈಗ ಅದನ್ನು ಮೊದಲ ಕರಡಿಗೆ ಮಾತ್ರ ಬಳಸುತ್ತೇನೆ, ಒಪ್ಪುವುದು ಕೂಡಿ ನೋಡಿದ ಮೇಲೆ. ಫಾರಂ 20ರ ಸೊಗಸೇ ಅದು. ಅಡ್ಡ ಕೂಡಿದರೂ ಬರಬೇಕು, ಉದ್ದ ಕೂಡಿದರೂ ಬರಬೇಕು. ಅಡ್ಡಸಾಲಿನಲ್ಲಿ 6 ಮತ ಹೆಚ್ಚು, ಒಂದು ಕಂಬಸಾಲಿನಲ್ಲೂ ಅದೇ 6 ಹೆಚ್ಚು ಅಂದರೆ ಎರಡೂ ಸೇರುವ ಮನೆಯಲ್ಲೇ ತಪ್ಪಿದೆ. ಅಲ್ಲಿ 1 ಇರಬೇಕಾದ ಕಡೆ 7 ಕೂತಿರುತ್ತದೆ.

ಒಂದೆರಡು ಮತಕ್ಕೆ ಇಷ್ಟು ಯಾಕೆ ಅಂತ ಕೇಳುವವರಿಗೆ ಹೇಳಲು ಕರ್ನಾಟಕದಲ್ಲಿ ಉದಾಹರಣೆಗೆ ಬರವಿಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದು ಮತ. 2023ರಲ್ಲಿ ಜಯನಗರದಲ್ಲಿ ಮರುಎಣಿಕೆ ಮುಗಿದು ಫಲಿತಾಂಶ ಬಂದಾಗ ರಾತ್ರಿಯಾಗಿತ್ತು, ಗೆಲುವಿನ ಅಂತರ 16.

ಲೆಕ್ಕ ಕೂತ ಮೇಲೆ ನಕ್ಷೆ. ಇದು ಭಾನುವಾರದ ಕೆಲಸ, ಮನೆಯಿಂದ ಹೊರಗೆ. ಬೂತ್‌ಗಳು ಹೆಚ್ಚಾಗಿ ಸರ್ಕಾರಿ ಶಾಲೆಗಳಲ್ಲಿರುತ್ತವೆ. ಕೊಠಡಿಯ ಬಾಗಿಲ ಪಕ್ಕದ ಗೋಡೆಗೆ ಬಣ್ಣದ ಚೌಕ ಬಳಿದು ಕ್ಷೇತ್ರದ ಹೆಸರು, ಮತಗಟ್ಟೆ ಸಂಖ್ಯೆ ಬರೆದಿರುತ್ತಾರೆ. ಸ್ಕೂಟರಿನಲ್ಲಿ ಹೋಗಿ, ಕಾಂಪೌಂಡಿನ ಹೊರಗಿನಿಂದಲೇ ಆ ಗೋಡೆ ನೋಡಿ, ಜಾಗವನ್ನು ಮೊಬೈಲಿನಲ್ಲಿ ಗುರುತು ಹಾಕಿಕೊಂಡು ಬರುವುದು. ಒಂದು ಶಾಲೆಯಲ್ಲಿ ಹಳೆಯ ಸಂಖ್ಯೆಯನ್ನು ಅಳಿಸದೆ ಅದರ ಮೇಲೆಯೇ ಹೊಸದನ್ನು ಬರೆದಿದ್ದರು, ಎರಡೂ ಓದಲು ಬರುತ್ತಿತ್ತು. ನನಗಂತೂ ಅದು ದೊಡ್ಡ ಉಪಕಾರ. ಏಕೆಂದರೆ ಚುನಾವಣೆಯಿಂದ ಚುನಾವಣೆಗೆ ಬೂತ್ ಒಡೆಯುತ್ತಾರೆ, ಸೇರಿಸುತ್ತಾರೆ, ಸಂಖ್ಯೆ ಜಾರುತ್ತದೆ. 2018ರ 90ನೇ ಬೂತು 2023ರಲ್ಲಿ 94 ಆಗಿರಬಹುದು. ಸಂಖ್ಯೆ ನಂಬಿ ಹೋಲಿಸಿದರೆ ಒಂದೂರಿನ ಮತ ಇನ್ನೊಂದೂರಿನ ತಲೆಗೆ. ಊರು, ಶಾಲೆ, ಕೊಠಡಿ ನೋಡಿಯೇ ಹೊಂದಿಸಬೇಕು.

ಇಷ್ಟೆಲ್ಲ ಮಾಡಿ ಕಂಡಿದ್ದೇನು? ಟೀವಿಯಲ್ಲಿ 'ಅಲೆ' ಎಂಬ ಮಾತು ಬಂದಾಗಲೆಲ್ಲ ನಾನೀಗ ಮೊದಲು ಮತಗಳ ಪಾಲು ನೋಡುತ್ತೇನೆ. 2018ರಲ್ಲಿ ಬಿಜೆಪಿಗೆ ರಾಜ್ಯದಲ್ಲಿ ಸುಮಾರು ಶೇ. 36 ಮತ, 104 ಸೀಟು. 2023ರಲ್ಲೂ ಸುಮಾರು ಶೇ. 36, ಸೀಟು ಮಾತ್ರ 66. ಕಾಂಗ್ರೆಸ್ ಶೇ. 38ರಿಂದ 43ರ ಹತ್ತಿರಕ್ಕೆ ಏರಿ 135 ಗೆದ್ದಿತು. ಜೆಡಿಎಸ್ ಶೇ. 18ರಿಂದ 13ಕ್ಕೆ ಬಂದು 37ರಿಂದ 19ಕ್ಕೆ ಇಳಿಯಿತು. ಸ್ಟುಡಿಯೋದಲ್ಲಿ ಇಡೀ ರಾಜ್ಯ ಒಬ್ಬರನ್ನು ತಿರಸ್ಕರಿಸಿತು ಅನ್ನುತ್ತಿದ್ದಾಗ ಅವರ ಒಟ್ಟು ಪಾಲು ಹೆಚ್ಚುಕಡಿಮೆ ಅಲ್ಲೇ ಇತ್ತು. ಕಾಲಡಿಯ ನೆಲ ಜರುಗಿದ್ದು ಬೇರೆ ಕಡೆ. ಬೂತ್ ಮಟ್ಟಕ್ಕೆ ಇಳಿದರೆ ಇನ್ನೂ ಸೂಕ್ಷ್ಮ. ಒಂದೇ ಶಾಲೆಯ ಎರಡು ಕೊಠಡಿ, ನಡುವೆ ಒಂದು ಗೋಡೆ, ಫಲಿತಾಂಶ ತಲೆಕೆಳಗು. ಲೋಕಸಭೆಯ ಹಾಳೆಯೂ ವಿಧಾನಸಭಾ ಕ್ಷೇತ್ರವಾರು ಬರುವುದರಿಂದ 2024ರದ್ದನ್ನೂ ಪಕ್ಕಕ್ಕಿಟ್ಟು ನೋಡಬಹುದು. 135 ಶಾಸಕರನ್ನು ಕೊಟ್ಟ ರಾಜ್ಯವೇ ಒಂದು ವರ್ಷದಲ್ಲಿ 28ರಲ್ಲಿ 9 ಸ್ಥಾನ ಮಾತ್ರ ಕಾಂಗ್ರೆಸ್ಸಿಗೆ ಕೊಟ್ಟಿತಲ್ಲ, ಅದು ಯಾವ ಬೀದಿಯಲ್ಲಿ ಹೇಗೆ ಆಯಿತು ಅನ್ನುವುದು ಕಣ್ಣೆದುರೇ ಕಾಣುತ್ತದೆ. ಆ ಸಲ ಬಿಜೆಪಿ, ಜೆಡಿಎಸ್ ಮೈತ್ರಿ ಮಾಡಿಕೊಂಡಿದ್ದವು; ಮೈತ್ರಿಯಾದರೆ ಎರಡು ಪಕ್ಷದ ಮತ ಕೂಡಿಕೊಳ್ಳುತ್ತದೆ ಎಂಬ ಲೆಕ್ಕ ನಾನು ನೋಡಿದ ಕ್ಷೇತ್ರದಲ್ಲಿ ಕೆಲವು ಬೂತ್‌ನಲ್ಲಿ ಅಚ್ಚುಕಟ್ಟಾಗಿ ಕೂತಿತು, ಕೆಲವು ಕಡೆ ಅರ್ಧವೂ ಕೂಡಲಿಲ್ಲ.

ಯಾವ ಕ್ಷೇತ್ರ ಅಂತ ಹೇಳಿಲ್ಲ, ಗಮನಿಸಿರಬಹುದು. ಹಳೇ ಮೈಸೂರು ಕಡೆಯದು, ಅಷ್ಟು ಸಾಕು. ನನ್ನ ನಕ್ಷೆಯನ್ನು ನಾನು ಯಾರಿಗೂ ಕೊಟ್ಟಿಲ್ಲ. ನಮ್ಮ ಕಡೆ 'ಲೀಡ್ ಕೊಡೋದು' ಅಂತ ಒಂದು ಮಾತಿದೆ. ಗೆದ್ದವರು ಊರಿಗೆ ಬಂದಾಗ, ಚರಂಡಿ ಕೇಳಿದರೆ ಮೊದಲು ಬರುವುದೇ 'ನಿಮ್ಮ ಬೂತ್‌ನಲ್ಲಿ ನಮಗೆ ಲೀಡ್ ಕೊಟ್ಟಿಲ್ವಲ್ಲ' ಅನ್ನುವ ಮಾತು. ಸಾವಿರ ಮತದಾರರ ಬೂತ್ ಅಂದರೆ ನಾಲ್ಕಾರು ಬೀದಿ. ಯಾವ ಬೀದಿ ಯಾರದ್ದು ಅಂತ ಊರಿನವರಿಗೆ ಗೊತ್ತೇ ಇರುತ್ತದೆ. ಕಾಗದದ ಮತಪತ್ರದ ಕಾಲದಲ್ಲಿ ಎಣಿಕೆಗೆ ಮುಂಚೆ ಬೇರೆ ಬೇರೆ ಬೂತ್‌ಗಳ ಮತಪತ್ರ ಬೆರೆಸಲು ನಿಯಮದಲ್ಲಿ ಅವಕಾಶವಿತ್ತು. ಯಂತ್ರ ಬಂದ ಮೇಲೆ ಅದು ಹೋಯಿತು. ಹಲವು ಯಂತ್ರಗಳ ಮತವನ್ನು ಒಟ್ಟಿಗೆ ಕೂಡಿ ಹೇಳುವ ಟೋಟಲೈಸರ್ ಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು, ಕಾನೂನು ಆಯೋಗವೂ 2015ರ ವರದಿಯಲ್ಲಿ ಶಿಫಾರಸು ಮಾಡಿತ್ತು. ಇನ್ನೂ ಬಂದಿಲ್ಲ. ಬಂದರೆ ನನ್ನ ಹವ್ಯಾಸ ಅಲ್ಲಿಗೆ ಮುಗಿಯಿತು. ಆದರೂ ಬರಬೇಕು ಅಂತಲೇ ನನ್ನ ಮತ. ಶನಿವಾರ ಕಳೆಯಲು ಟೊಮೇಟೊ ಗಿಡವೂ ಆಗುತ್ತದೆ.

ಮಾವ ಟೀವಿ ಬಿಟ್ಟಿದ್ದಾರೆ ಅಂದುಕೊಳ್ಳಬೇಡಿ. 2024ರ ಜೂನ್ ಒಂದರ ಸಂಜೆ ಎಕ್ಸಿಟ್ ಪೋಲ್‌ಗಳನ್ನು ಒಂದೂ ಬಿಡದೆ ನೋಡಿದರು. ಹೆಚ್ಚಿನವು ಎನ್‌ಡಿಎಗೆ 350 ದಾಟಿಸಿದ್ದವು, ಬಂದಿದ್ದು 293. ಈಗ ಸುದ್ದಿ ಚಾನೆಲ್ಲಿನ ಚರ್ಚೆ ಜೋರಾದರೆ ತಾವೇ ರಿಮೋಟ್ ಒತ್ತಿ ಚಂದನಕ್ಕೆ ಹೋಗುತ್ತಾರೆ, 'ಥಟ್ ಅಂತ ಹೇಳಿ' ಇದ್ದರೆ ಉತ್ತರವನ್ನು ಸ್ಪರ್ಧಿಗಳಿಗಿಂತ ಮೊದಲು ಕೂಗುತ್ತಾರೆ. ನನ್ನ ಹಾಳೆಯಲ್ಲಿ ಮೊತ್ತ ಸೇರದಿದ್ದರೆ ಅಂಕಿ ಓದಿ ಹೇಳುವ ಕೆಲಸ ಅವರದು.

ಬೂತಿಗೆ 1,500 ಇದ್ದ ಮತದಾರರ ಮಿತಿಯನ್ನು ಆಯೋಗ 2025ರಲ್ಲಿ 1,200ಕ್ಕೆ ಇಳಿಸಿದೆ. ನಮ್ಮಲ್ಲೂ ಇದು ಜಾರಿಯಾದರೆ ದೊಡ್ಡ ಬೂತ್‌ಗಳು ಒಡೆಯುತ್ತವೆ, ಸಂಖ್ಯೆಗಳೆಲ್ಲ ಮತ್ತೆ ಜಾರುತ್ತವೆ. ನನ್ನ ಹೊಂದಾಣಿಕೆ ಪಟ್ಟಿಯನ್ನು ಮೊದಲಿನಿಂದ ಮಾಡಬೇಕು, ಶಾಲೆಗಳನ್ನು ಇನ್ನೊಂದು ಸಲ ಸುತ್ತಬೇಕು. ಈ ಸಲ ಸ್ಕೂಟರಿನ ಹಿಂದೆ ತಾವೂ ಕೂರುತ್ತೇನೆ ಅಂದಿದ್ದಾರೆ ಮಾವ, ಬಿಸಿಲು ಏರುವುದರೊಳಗೆ ವಾಪಸ್ ಕರೆತರುವುದಾದರೆ.