ಲೋಕಲ್ ರೈಲಿನಲ್ಲಿ ಇಂಗ್ಲಿಷ್ ಅಭ್ಯಾಸ: ಪಾಡ್‌ಕಾಸ್ಟ್ ಬಳಸುವುದು ಹೇಗೆ?

ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಮುಂಬೈಗೆ ಕೆಲಸಕ್ಕೆ ಬಂದ ಅನೇಕರು ಇಂಗ್ಲಿಷ್ ಪತ್ರವನ್ನು ಸರಾಗವಾಗಿ ಓದಬಲ್ಲರು. ಆದರೆ ಅದೇ ವಿಷಯವನ್ನು ಯಾರಾದರೂ ಫೋನಿನಲ್ಲಿ ವೇಗವಾಗಿ ಹೇಳಿದರೆ ತಡವರಿಸುತ್ತಾರೆ. ಪುಸ್ತಕದಲ್ಲಿ ಬಿಡಿಬಿಡಿಯಾಗಿ ಕಂಡ ಪದಗಳು ಮಾತಿನಲ್ಲಿ ಒಂದಕ್ಕೊಂದು ಬೆಸೆದುಕೊಂಡು ಬರುವುದೇ ಇದಕ್ಕೆ ಮುಖ್ಯ ಕಾರಣ. 'ವಾಂಟ್ ಟು' ಎಂಬುದು 'ವಾನ' ಎಂದು ಕಿವಿಗೆ ಬೀಳುತ್ತದೆ. ಮುಂಬೈ ಹೊರವಲಯದ ಡೊಂಬಿವಲಿಯಿಂದ ನಗರದ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಿಲ್ದಾಣಕ್ಕೆ ದಿನವೂ ಓಡಾಡುವವರು ಆ ಪ್ರಯಾಣದ ಹೊತ್ತಿನಲ್ಲೇ ಪಾಡ್‌ಕಾಸ್ಟ್, ಅಂದರೆ ಮೊಬೈಲಿನಲ್ಲಿ ಬೇಕಾದಾಗ ಕೇಳಬಹುದಾದ ಕಂತುಗಳ ಧ್ವನಿ ಕಾರ್ಯಕ್ರಮ, ಕೇಳಿ ಕಿವಿ ಪಳಗಿಸಿಕೊಳ್ಳಬಹುದು.

ಮೊದಲು, ಲಿಖಿತ ಪಠ್ಯವೂ ಸಿಗುವ ಚಿಕ್ಕ ಕಾರ್ಯಕ್ರಮವನ್ನು ಆರಿಸಿಕೊಳ್ಳಿ. ಬಿಬಿಸಿಯ 'ಸಿಕ್ಸ್ ಮಿನಿಟ್ ಇಂಗ್ಲಿಷ್' ಇದಕ್ಕೆ ಬಹಳ ಸೂಕ್ತ. ಅದರಲ್ಲಿ ಇಬ್ಬರು ನಿರೂಪಕರು ಒಂದು ವಿಷಯವನ್ನು ಚರ್ಚಿಸುತ್ತಲೇ ಹೊಸ ಪದಗಳನ್ನು ವಿವರಿಸುತ್ತಾರೆ. ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಕೊನೆಯಲ್ಲಿ ಉತ್ತರ ಕೊಡುತ್ತಾರೆ. ಕಂತನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡರೆ ದಾರಿಯಲ್ಲಿ ಸಿಗ್ನಲ್‌ನ ತೊಂದರೆ ಇರದು.

ಮೊದಲ ಸಲ ಪಠ್ಯ ನೋಡದೆ ಕೇಳಿ, ಒಟ್ಟು ಸಾರವನ್ನಷ್ಟೇ ಹಿಡಿಯಿರಿ. ಎರಡನೆಯ ಸಲ ಪಠ್ಯದ ಮೇಲೆ ಕಣ್ಣಾಡಿಸುತ್ತ ಕೇಳಿ, ತಪ್ಪಿಹೋದ ಕಡೆ ಗುರುತು ಹಾಕಿಕೊಳ್ಳಿ. ವೇಗ ಹೆಚ್ಚೆನಿಸಿದರೆ ಆ್ಯಪ್‌ನಲ್ಲಿ 0.75ಕ್ಕೆ, ಅಂದರೆ ಮುಕ್ಕಾಲು ಪಾಲಿಗೆ, ಇಳಿಸಬಹುದು. ನಿಲ್ದಾಣದಲ್ಲಿ ಇಳಿಯುವಾಗ, ರಸ್ತೆ ದಾಟುವಾಗ ಇಯರ್‌ಫೋನ್ ತೆಗೆದಿಡಲೇಬೇಕು. ಈ ವಿಷಯದಲ್ಲಿ ಯಾವ ರಿಯಾಯಿತಿಯೂ ಸಲ್ಲದು.

ಮಾತು ಬೆಳೆಯುವುದು ಮಾತ್ರ ಮನೆಗೆ ಬಂದ ಮೇಲೆ. ಒಂದು ನಿಮಿಷದ ಭಾಗವನ್ನು ಆರಿಸಿಕೊಂಡು, ನಿರೂಪಕರ ಬೆನ್ನಿಗೇ ಗಟ್ಟಿಯಾಗಿ ನುಡಿಯಿರಿ. ಕನ್ನಡದಲ್ಲಿ ನಾವು ಎಲ್ಲ ಅಕ್ಷರಗಳನ್ನೂ ಹೆಚ್ಚುಕಡಿಮೆ ಸಮನಾಗಿ ಉಚ್ಚರಿಸುತ್ತೇವೆ. ಇಂಗ್ಲಿಷಿನಲ್ಲಿ ಹಾಗಲ್ಲ: 'ಫೋಟೋಗ್ರಾಫ್' ಪದದಲ್ಲಿ ಒತ್ತು ಮೊದಲ ಭಾಗದ ಮೇಲೆ ಬಿದ್ದರೆ, 'ಫೊಟಾಗ್ರಫಿ'ಯಲ್ಲಿ ಅದು ಎರಡನೆಯದಕ್ಕೆ ಜಾರಿ, ಮೊದಲ ಭಾಗ ಸಣ್ಣಗಾಗುತ್ತದೆ. ನಿಮ್ಮ ದನಿಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಮೂಲದೊಂದಿಗೆ ಹೋಲಿಸಿದಾಗ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಬಳಿಕ ಪಠ್ಯವನ್ನು ಬದಿಗಿಟ್ಟು, ಕೇಳಿದ್ದನ್ನು ಕೋಣೆಯ ಜೊತೆಗಾರರಿಗೆ ನಿಮ್ಮದೇ ಮಾತಿನಲ್ಲಿ ಎರಡು ನಿಮಿಷ ವಿವರಿಸಿ. ಅಲ್ಲಿ ಪದ ಸಿಗದೆ ನಿಂತ ಜಾಗವೇ ಮರುದಿನ ಮತ್ತೆ ಕೇಳಬೇಕಾದ ಭಾಗ.

ದಿನಕ್ಕೊಂದು ಹೊಸ ಕಂತು ಬೇಡ; ಒಂದನ್ನೇ ವಾರವಿಡೀ ಕೇಳಿ ನುಡಿಯುವುದು ಹೆಚ್ಚು ಫಲ ಕೊಡುತ್ತದೆ. ಬ್ರಿಟಿಷರಂತೆ ಮಾತಾಡುವುದು ನಮ್ಮ ಗುರಿಯಲ್ಲವಾದ್ದರಿಂದ, ಕಿವಿ ಸ್ವಲ್ಪ ಪಳಗಿದೊಡನೆ ಭಾರತೀಯರು ಇಂಗ್ಲಿಷಿನಲ್ಲಿ ನಡೆಸುವ ಸಂದರ್ಶನಗಳನ್ನೂ ಸೇರಿಸಿಕೊಳ್ಳಿ. ಮುಂಬೈಯ ಕಚೇರಿಗಳಲ್ಲಿ ನೀವು ದಿನವೂ ಕೇಳಬೇಕಾದ ಇಂಗ್ಲಿಷ್ ಬಹುಮಟ್ಟಿಗೆ ಅದೇ.