ಕ್ರೂಸ್‌ಗೆ ಅಡ್ವಾನ್ಸ್‌ ಕಟ್ಟುವ ಮುನ್ನ ಕ್ಯಾಲೆಂಡರ್‌ ಬಿಚ್ಚಿಡಿ

ಕಾಫಿಗೆ ಒಳ್ಳೆಯ ರೇಟು ಸಿಕ್ಕ ವರ್ಷ ಚಿಕ್ಕಮಗಳೂರು, ಹಾಸನ ಕಡೆಯ ಮನೆಗಳಲ್ಲಿ ಮಕ್ಕಳ ರಜೆಗೆ ಹಡಗಿನ ಪ್ರವಾಸದ ಮಾತು ಏಳುವುದು ಈಗ ಮಾಮೂಲು. ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆಗೆ ಹೊರಡುವ ಹಡಗು, ಇಲ್ಲದಿದ್ದರೆ ಸಿಂಗಪುರಕ್ಕೆ ವಿಮಾನದಲ್ಲಿ ಹೋಗಿ ಅಲ್ಲಿಂದ ಮೂರ್ನಾಲ್ಕು ರಾತ್ರಿಯ ಕ್ರೂಸ್‌. ಟಿಕೆಟ್‌ ದರದಲ್ಲಿ ಯಾರೂ ಅಷ್ಟಾಗಿ ಎಡವುವುದಿಲ್ಲ, ಅದು ದೊಡ್ಡ ಅಕ್ಷರದಲ್ಲೇ ಇರುತ್ತದೆ. ನಾನು ನೋಡಿದಂತೆ ಜನ ಕೈಸುಟ್ಟುಕೊಳ್ಳುವುದು ಅಡ್ವಾನ್ಸ್‌ನಲ್ಲಿ. ‘ಸದ್ಯಕ್ಕೆ ಇಷ್ಟು ಕಟ್ಟಿ ಸಾಕು ಸಾರ್‌, ಉಳಿದಿದ್ದು ಆಮೇಲೆ’ ಎಂದು ಏಜೆಂಟ್‌ ಹೇಳಿದ ಕೂಡಲೇ ಫೋನ್‌ಪೇ ಮಾಡಿಬಿಡುತ್ತಾರೆ. ಆ ‘ಆಮೇಲೆ’ ಯಾವ ತಾರೀಖು, ಅಷ್ಟರೊಳಗೆ ಕಟ್ಟದಿದ್ದರೆ ಏನಾಗುತ್ತದೆ ಎಂದು ಕೇಳುವವರು ಕಡಿಮೆ.

ಮೊದಲು ಕ್ಯಾಬಿನ್‌ ಲೆಕ್ಕ

ಜಾಹೀರಾತಿನ ದರ ಒಬ್ಬರಿಗೆ, ಅದೂ ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಇರುತ್ತಾರೆ ಎಂದುಕೊಂಡು ಹಾಕಿದ್ದು. ಮೂರನೆಯವರು, ನಾಲ್ಕನೆಯವರು ಅದೇ ಕ್ಯಾಬಿನ್‌ಗೆ ಸೇರಿದರೆ ಅವರ ದರ ಸಾಮಾನ್ಯವಾಗಿ ಕಡಿಮೆ. ಒಬ್ಬರೇ ಒಂದು ಕ್ಯಾಬಿನ್‌ ಹಿಡಿದರೆ ಹೆಚ್ಚುಕಡಿಮೆ ಇಬ್ಬರ ದರವನ್ನೇ ಕಟ್ಟಬೇಕಾಗಬಹುದು. ಮಾಮೂಲಿ ಕ್ಯಾಬಿನ್‌ಗೆ ನಾಲ್ಕು ಜನರೇ ಮಿತಿ. ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಜೊತೆಗೆ ಅಜ್ಜಿ ಎಂದರೆ ಎರಡು ಕ್ಯಾಬಿನ್‌, ಎರಡು ಕ್ಯಾಬಿನ್‌ಗೂ ಅಡ್ವಾನ್ಸ್‌.

ಮೂರನೆಯ ಹಾಸಿಗೆ ಎಂಬುದು ಬಹುತೇಕ ಹಡಗುಗಳಲ್ಲಿ ಗೋಡೆಯಿಂದಲೋ ಚಾವಣಿಯಿಂದಲೋ ಕೆಳಗೆ ಎಳೆಯುವ ಮೇಲ್ಮಂಚ. ಅದಕ್ಕೊಂದು ಕಿರಿದಾದ ಏಣಿ ತಗುಲಿಸಿರುತ್ತಾರೆ. ಮಕ್ಕಳಿಗೆ ಅದೇ ಮೋಜು. ಮಂಡಿನೋವಿನ ಅಜ್ಜಿ ರಾತ್ರಿ ಎದ್ದು ಇಳಿಯಬೇಕಾದಾಗ ಅದು ನಡೆಯುವ ಮಾತಲ್ಲ. ಅಜ್ಜಿಯನ್ನೂ ದೊಡ್ಡ ಮಗಳನ್ನೂ ಒಂದು ಕ್ಯಾಬಿನ್‌ಗೆ ಹಾಕಿ, ಉಳಿದ ಮೂವರು ಪಕ್ಕದ್ದರಲ್ಲಿ ಇರಲಿ.

‘ಗ್ಯಾರಂಟಿ ಕ್ಯಾಬಿನ್‌’ ಎಂದು ಸ್ವಲ್ಪ ಅಗ್ಗಕ್ಕೆ ಒಂದನ್ನು ಮಾರುತ್ತಾರೆ. ಕ್ಯಾಬಿನ್‌ ಸಿಗುತ್ತದೆ ಎಂಬುದಷ್ಟೇ ಗ್ಯಾರಂಟಿ, ಯಾವ ಮಹಡಿ, ಯಾವ ಮೂಲೆ ಎಂಬುದು ಹೊರಡುವ ಹೊತ್ತಿಗೆ ಗೊತ್ತಾಗುತ್ತದೆ. ಎರಡು ಕ್ಯಾಬಿನ್‌ ಬೇಕಾದ ಕುಟುಂಬ ಇದನ್ನು ತೆಗೆದುಕೊಳ್ಳಲೇಬಾರದು. ಅಜ್ಜಿ ಒಂದು ಮಹಡಿ, ಮಕ್ಕಳು ಇನ್ನೊಂದು ಮಹಡಿಯಾದರೆ ಉಳಿಸಿದ ದುಡ್ಡಿಗೆ ಅರ್ಥವಿಲ್ಲ.

ಅಡ್ವಾನ್ಸ್‌ ಯಾವ ಮೊತ್ತದ ಮೇಲೆ?

ಎರಡು ಪದ್ಧತಿಗಳಿವೆ. ತಲೆಗೆ ಇಷ್ಟು ಎಂದು ನಿಗದಿ ಮಾಡುವುದು ಒಂದು. ದರದಲ್ಲಿ ಶೇಕಡಾ ಇಷ್ಟು ಎನ್ನುವುದು ಇನ್ನೊಂದು; ಡಿಸ್ನಿಯಂಥ ಕಂಪನಿ ಸಾಮಾನ್ಯವಾಗಿ ಶೇ 20 ಕೇಳುತ್ತದೆ. ಕಾಗದ, ಪೆನ್ನು ಹಿಡಿದು ಒಮ್ಮೆ ಲೆಕ್ಕ ಹಾಕಿ. ಅಂಕಿಗಳು ಬರೀ ಉದಾಹರಣೆಗೆ: ಮೊದಲಿಬ್ಬರಿಗೆ ತಲಾ ₹40,000, ಮೂರನೆಯವರಿಗೆ ₹20,000. ನಮ್ಮ ಐದು ಜನರ ಕುಟುಂಬಕ್ಕೆ ಎರಡು ಕ್ಯಾಬಿನ್‌ ಸೇರಿ ₹1,80,000. ಅಡ್ವಾನ್ಸ್‌ ಶೇ 25 ಎಂದರೆ ₹45,000. ಏಜೆಂಟ್‌ ಬಾಯಲ್ಲಿ ಬರುವುದು ಈ ಕೊನೆಯ ಅಂಕಿ ಮಾತ್ರ.

ಬಂದರು ಶುಲ್ಕ ಮತ್ತು ತೆರಿಗೆ ತಲೆಗೆ ₹6,000 ಎಂದರೆ ₹30,000. ಹಡಗಿನ ಸಿಬ್ಬಂದಿಗೆ ಕೊಡುವ ಟಿಪ್ಸ್‌ ಅನ್ನು ಅನೇಕ ಕಂಪನಿಗಳು ತಲೆಗೆ, ದಿನಕ್ಕೆ ಇಷ್ಟು ಎಂದು ತಾವೇ ಬಿಲ್ಲಿಗೆ ಸೇರಿಸುತ್ತವೆ, ಮಗುವಿಗೂ ಬೀಳುತ್ತದೆ. ದಿನಕ್ಕೆ ₹1,500ರಂತೆ ನಾಲ್ಕು ರಾತ್ರಿಗೆ ಐವರದ್ದು ಇನ್ನೊಂದು ₹30,000. ಒಟ್ಟು ₹2,40,000 ಆಯಿತು. ಅಂದರೆ ಬಾಕಿ ₹1,95,000, ‘1.80ರಲ್ಲಿ 45 ಕಳೆದು 1.35’ ಅಲ್ಲ. ವೈಫೈ, ಮದ್ಯ, ದಡದಲ್ಲಿ ಸುತ್ತಾಟ ಇದರಲ್ಲಿ ಸೇರಿಲ್ಲ. ಬೆಂಗಳೂರಿನಿಂದ ವಿಮಾನದ ಖರ್ಚೂ ಬೇರೆ.

ತಾರೀಖುಗಳು: ಇಲ್ಲಿ ಅವಸರ ಬೇಡ

ಕಲ್ಯಾಣ ಮಂಟಪಕ್ಕೆ ಅಡ್ವಾನ್ಸ್‌ ಕೊಟ್ಟು, ದಿನ ಬದಲಾದರೆ ಮಾಲೀಕರ ಹತ್ತಿರ ಕೂತು ಮಾತಾಡಿ ಸರಿಮಾಡಿಕೊಂಡು ರೂಢಿಯಾದವರು ನಾವು. ಹಡಗಿನ ಕಂಪನಿಯಲ್ಲಿ ಮಾತಾಡಲು ಮಾಲೀಕರು ಸಿಗುವುದಿಲ್ಲ. ಬುಕಿಂಗ್‌ ಷರತ್ತಿನಲ್ಲಿ ಏನಿದೆಯೋ ಕಂಪ್ಯೂಟರ್‌ ಅದನ್ನೇ ಮಾಡುತ್ತದೆ. ಹಾಗಾಗಿ ದುಡ್ಡು ಕಟ್ಟುವ ಮುನ್ನ ಷರತ್ತಿನಲ್ಲಿ ಮೂರು ವಿಷಯ ಹುಡುಕಿ: ಅಡ್ವಾನ್ಸ್‌ ವಾಪಸ್‌ ಬರುವಂಥದ್ದೋ ಅಲ್ಲವೋ, ಬಾಕಿ ಕಟ್ಟಲು ಕೊನೆಯ ದಿನ ಯಾವುದು, ರದ್ದು ಮಾಡಿದರೆ ಯಾವ ದಿನದಿಂದ ಎಷ್ಟು ಕಡಿತ.

ವಾಪಸ್‌ ಬರುವ ಅಡ್ವಾನ್ಸ್‌ ಎಂದರೂ ಅದು ಯಾವಾಗಲೂ ಬರುವುದಿಲ್ಲ. ಬಾಕಿ ಕಟ್ಟುವ ಕೊನೆಯ ದಿನದೊಳಗೆ ರದ್ದು ಮಾಡಿದರೆ ಮಾತ್ರ ಬರುತ್ತದೆ. ವಾಪಸ್‌ ಬಾರದ ಅಡ್ವಾನ್ಸ್‌ ಇರುವ ಟಿಕೆಟ್‌ ಸ್ವಲ್ಪ ಅಗ್ಗ, ಆದರೆ ಕಟ್ಟಿದ ಕ್ಷಣದಿಂದಲೇ ಆ ದುಡ್ಡು ಕಂಪನಿಯದು. ದಿನ ಬದಲಿಸುತ್ತೇವೆ ಎಂದರೆ ಕೆಲವರು ಒಪ್ಪುತ್ತಾರೆ. ತಲೆಗೆ ಇಷ್ಟು ಎಂದು ಬದಲಾವಣೆ ಶುಲ್ಕ ಹಿಡಿಯುತ್ತಾರೆ. ಐದು ಜನರಿಗೆ ಆ ಶುಲ್ಕ ಗುಣಿಸಿ ನೋಡಿ, ಅಡ್ವಾನ್ಸಿನಲ್ಲಿ ಉಳಿಯುವುದು ಚೂರುಪಾರು. ಮನೆಯಲ್ಲಿ ಎಪ್ಪತ್ತು ದಾಟಿದವರು, ಪುಟ್ಟ ಮಕ್ಕಳು ಅಥವಾ ಪಿಯುಸಿ ಓದುವವರು ಯಾರಿದ್ದರೂ ವಾಪಸ್‌ ಬರುವ ಅಡ್ವಾನ್ಸ್‌ ಇರುವ ಟಿಕೆಟ್ಟನ್ನೇ ತೆಗೆದುಕೊಳ್ಳಿ. ತಲೆಗೆ ಎರಡು ಮೂರು ಸಾವಿರ ಹೆಚ್ಚಾದರೂ ಆಗಲಿ. ‘ಈ ವಾರ ಮಾತ್ರ ಅರ್ಧ ಅಡ್ವಾನ್ಸ್‌’ ಎಂಬ ಕೊಡುಗೆ ಬಂದಾಗ ಇನ್ನಷ್ಟು ಎಚ್ಚರ ಬೇಕು. ಅಡ್ವಾನ್ಸ್‌ ಕಡಿಮೆಯಾದರೆ ಬಾಕಿ ಅಷ್ಟೇ ಹೆಚ್ಚುತ್ತದೆ, ಒಟ್ಟು ದರ ಇಳಿಯುವುದಿಲ್ಲ. ಇಂಥ ಕೊಡುಗೆಗಳಲ್ಲಿ ಎಷ್ಟೋ ಸಲ ಅಡ್ವಾನ್ಸ್‌ ವಾಪಸ್‌ ಬಾರದ್ದಾಗಿರುತ್ತದೆ.

ಈಗ ಕ್ಯಾಲೆಂಡರ್‌ ತೆಗೆಯಿರಿ. ಬಾಕಿ ಕಟ್ಟುವ ದಿನವನ್ನು ಹಡಗು ಹೊರಡುವ ದಿನದಿಂದ ಹಿಂದಕ್ಕೆ ಎಣಿಸುತ್ತಾರೆ. ರಾಯಲ್‌ ಕೆರಿಬಿಯನ್‌ ಎಂಬ ಹಡಗು ಕಂಪನಿ ಅಮೆರಿಕದ ಗ್ರಾಹಕರಿಗೆ ಇಟ್ಟಿರುವ ನಿಯಮದಲ್ಲಿ 4 ರಾತ್ರಿವರೆಗಿನ ಪ್ರವಾಸಕ್ಕೆ 75 ದಿನ ಮೊದಲು, 5 ಅಥವಾ ಅದಕ್ಕಿಂತ ಹೆಚ್ಚು ರಾತ್ರಿಗೆ 90 ದಿನ ಮೊದಲು ಪೂರ್ತಿ ಹಣ ಸೇರಿರಬೇಕು. ನಿಮ್ಮ ಬುಕಿಂಗ್‌ಗೆ ಯಾವುದು ಅನ್ವಯ ಎಂಬುದನ್ನು ನಿಮ್ಮ ಕನ್ಫರ್ಮೇಷನ್‌ನಲ್ಲೇ ಓದಿ. ಬೇಸಿಗೆ ರಜೆಗೆ ಏಪ್ರಿಲ್‌ 10ಕ್ಕೆ ಹೊರಡುತ್ತೀರಿ ಎಂದುಕೊಳ್ಳೋಣ. 75 ದಿನ ಹಿಂದಕ್ಕೆ ಎಣಿಸಿದರೆ ಜನವರಿ 25. 90 ದಿನ ಎಂದರೆ ಜನವರಿ 10.

ಜನವರಿಯಲ್ಲಿ ತೋಟದ ಮನೆಯ ಪರಿಸ್ಥಿತಿ ಹೇಗಿರುತ್ತದೆ ಎಂದು ನಮಗೆಲ್ಲ ಗೊತ್ತು. ಅರೇಬಿಕಾ ಕೊಯ್ಲು ಮುಗಿಯುತ್ತಾ ಬಂದಿರುತ್ತದೆ, ರೋಬಸ್ಟಾ ಶುರುವಾಗಿರುತ್ತದೆ. ಕಣದ ತುಂಬ ಕಾಯಿ, ವಾರ ವಾರ ಆಳುಗಳ ಬಟವಾಡೆ. ಮೂಟೆ ಇನ್ನೂ ಮನೆಯಲ್ಲೇ, ರೇಟು ಏರಲಿ ಎಂದು ಕಾಯುತ್ತಿರುತ್ತೇವೆ. ಮೂಡಿಗೆರೆ ಕಡೆಯ ಪರಿಚಯದ ಮನೆಯೊಂದರಲ್ಲಿ ಇದೇ ಆಯಿತು. ಅಡ್ವಾನ್ಸ್‌ ದಸರಾ ರಜೆಯಲ್ಲೇ ಕಟ್ಟಿದ್ದರು. ಬಾಕಿಯ ನೆನಪಿನ ಇಮೇಲ್‌ ಮಗನ ಹಳೆಯ ಐಡಿಗೆ ಹೋಗಿತ್ತು. ಸಂಕ್ರಾಂತಿ ಮುಗಿಸಿ ವಿಚಾರಿಸುವಾಗ ಬುಕಿಂಗ್‌ ತಾನಾಗಿ ರದ್ದಾಗಿತ್ತು, ಅಡ್ವಾನ್ಸ್‌ ಹೋಗಿತ್ತು, ಅದೇ ಕ್ಯಾಬಿನ್‌ ಹೊಸ ದರಕ್ಕೆ ಮಾರಾಟಕ್ಕಿತ್ತು. ದುಡ್ಡಿಲ್ಲದ ಮನೆಯೇನಲ್ಲ ಅದು. ಆ ವಾರ ಕೈಯಲ್ಲಿ ಇರಲಿಲ್ಲ, ಅಷ್ಟೆ.

ತೋಟದ ವರಮಾನ ನಂಬಿದವರು ಮೇ ಮೊದಲ ಎರಡು ವಾರಕ್ಕೆ ಬುಕ್‌ ಮಾಡಿದರೆ ಬಾಕಿ ಫೆಬ್ರುವರಿಗೆ ಬೀಳುತ್ತದೆ, ಅಷ್ಟರಲ್ಲಿ ಒಂದಿಷ್ಟು ಮಾಲು ಮಾರಿರುತ್ತೀರಿ. ಸಂಬಳದಾರರಿಗೂ ಒಂದು ಮಾತು. ಇತ್ತೀಚಿನ ವರ್ಷಗಳಲ್ಲಿ ಸಿಇಟಿ ನಡೆದಿರುವುದು ಏಪ್ರಿಲ್‌ನಲ್ಲೇ. 2024ರಲ್ಲೂ 2025ರಲ್ಲೂ ತಿಂಗಳ ಮಧ್ಯಭಾಗದಲ್ಲಿತ್ತು. ಮನೆಯಲ್ಲಿ ದ್ವಿತೀಯ ಪಿಯುಸಿ ಮಗು ಇದ್ದರೆ ಏಪ್ರಿಲ್‌ ಟಿಕೆಟ್‌ ಮುಟ್ಟಬೇಡಿ.

ಬಾಕಿ ಕಟ್ಟಿದ ಮೇಲೆ ರದ್ದತಿಯ ಮೆಟ್ಟಿಲುಗಳು ಶುರುವಾಗುತ್ತವೆ. ಒಂದು ಮಾದರಿ ಹೀಗಿರುತ್ತದೆ: 60 ದಿನಕ್ಕಿಂತ ಮೊದಲು ರದ್ದಾದರೆ ಟಿಕೆಟ್‌ ದರದಲ್ಲಿ ಅರ್ಧ ಹೋಗುತ್ತದೆ, 60ರಿಂದ 31 ದಿನದೊಳಗೆ ಮುಕ್ಕಾಲು, 30 ದಿನದೊಳಗೆ ಪೂರ್ತಿ. ನಮ್ಮ ಏಪ್ರಿಲ್‌ 10ರ ಉದಾಹರಣೆಗೆ ಹೊಂದಿಸಿ ನೋಡಿ. ಫೆಬ್ರುವರಿ 8ಕ್ಕೆ ರದ್ದು ಮಾಡಿದರೆ ₹1,80,000ರಲ್ಲಿ ₹90,000 ಕಳೆದುಕೊಳ್ಳುತ್ತೀರಿ, ಮಾರನೇ ದಿನ ಮಾಡಿದರೆ ₹1,35,000. ಒಂದು ರಾತ್ರಿ ಯೋಚಿಸಿ ಹೇಳುತ್ತೇವೆ ಎಂದದ್ದಕ್ಕೆ ₹45,000. ಮಾರ್ಚ್‌ 11ರಿಂದ ಆಚೆಗೆ ಏನೂ ಬರುವುದಿಲ್ಲ. ಬಂದರು ಶುಲ್ಕ, ತೆರಿಗೆ ಮಾತ್ರ ಸಾಮಾನ್ಯವಾಗಿ ಮರಳುತ್ತವೆ. ಕೇಳಿ ತೆಗೆದುಕೊಳ್ಳಿ, ತಾವಾಗಿ ಹೇಳುವ ಏಜೆಂಟರು ಅಪರೂಪ.

ಏಜೆಂಟ್‌ ಮೂಲಕ ಮಾಡಿದ್ದರೆ ಕಂಪನಿಯ ದಿನ ಬೇರೆ, ಏಜೆಂಟ್‌ ಕೇಳುವ ದಿನ ಬೇರೆ. ಅವರು ಕೆಲವು ದಿನ ಮೊದಲೇ ಕೇಳುತ್ತಾರೆ, ಅದು ತಪ್ಪಲ್ಲ. ಎರಡೂ ತಾರೀಖನ್ನು ಬರೆಸಿಕೊಳ್ಳಿ. ರದ್ದಾದಾಗ ಅವರ ಸ್ವಂತ ಸರ್ವಿಸ್‌ ಚಾರ್ಜ್‌ ಬೇರೆ ಕಡಿತವಾಗುತ್ತದೆಯೇ ಎಂಬುದನ್ನೂ. ಇಷ್ಟನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಮಾಡಿ. ಮೊಬೈಲ್‌ ರಿಮೈಂಡರ್‌ ಒಬ್ಬರ ಕೈಯಲ್ಲಿರುತ್ತದೆ, ಕ್ಯಾಲೆಂಡರ್‌ ಮನೆಮಂದಿಗೆಲ್ಲ ಕಾಣುತ್ತದೆ.

ಹೆಸರು, ಪಾಸ್‌ಪೋರ್ಟ್‌, ವಯಸ್ಸು

ಅಡ್ವಾನ್ಸ್‌ಗೆ ಮೊದಲೇ ಎಲ್ಲರ ಪಾಸ್‌ಪೋರ್ಟ್‌ ಮೇಜಿನ ಮೇಲಿಡಿ. ವಿದೇಶಿ ಪ್ರವಾಸಕ್ಕೆ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು. ಮಕ್ಕಳದ್ದು ಐದೇ ವರ್ಷಕ್ಕೆ ಮುಗಿಯುವುದರಿಂದ ತಪ್ಪುವುದು ಅಲ್ಲೇ. ಹಾಸನದ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್‌ ಸೇವಾ ಕೇಂದ್ರವಿದೆ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಹೆಸರು ಕೊಡಿ, ಇನಿಷಿಯಲ್‌ ಅನ್ನು ಪೂರ್ತಿ ಬಿಡಿಸಿ ಬರೆಯಿರಿ. 24 ವಾರದ ಹಂತ ಮುಟ್ಟುವ ಗರ್ಭಿಣಿಯರನ್ನೂ 6 ತಿಂಗಳು ತುಂಬದ ಕೂಸನ್ನೂ ಬಹುತೇಕ ಕಂಪನಿಗಳು ಹಡಗಿಗೆ ಹತ್ತಿಸಿಕೊಳ್ಳುವುದಿಲ್ಲ.

ಟಿಸಿಎಸ್‌: ರಿಟರ್ನ್‌ ಹಾಕದವರು ಓದಬೇಕಾದದ್ದು

ಮುಂಬೈ–ಲಕ್ಷದ್ವೀಪದಂಥ ದೇಶದೊಳಗಿನ ಪ್ರವಾಸಕ್ಕೆ ಇದಿಲ್ಲ. ವಿದೇಶಿ ಪ್ಯಾಕೇಜ್‌ ಮಾರುವವರು ಮಾತ್ರ ಆದಾಯ ತೆರಿಗೆ ಇಲಾಖೆಯ ಪರವಾಗಿ ಟಿಸಿಎಸ್‌ (ಮಾರುವಾಗಲೇ ಗ್ರಾಹಕರಿಂದ ಹಿಡಿಯುವ ತೆರಿಗೆ) ವಸೂಲು ಮಾಡಬೇಕು, ಅಡ್ವಾನ್ಸ್‌ ಮೇಲೂ. 2025ರ ಏಪ್ರಿಲ್‌ 1ರಿಂದ ವರ್ಷಕ್ಕೆ ₹10 ಲಕ್ಷದವರೆಗೆ ಶೇ 5, ಅದರಾಚೆಗೆ ಶೇ 20 ಇತ್ತು. 2026ರ ಕೇಂದ್ರ ಬಜೆಟ್‌ನಲ್ಲಿ ಇದನ್ನು ಮಿತಿಯಿಲ್ಲದೆ ಶೇ 2ಕ್ಕೆ ಇಳಿಸುವುದಾಗಿ ಹೇಳಲಾಯಿತು. ಬಿಲ್ಲಿನಲ್ಲಿ ಹಳೆಯ ದರ ಹಾಕಿದ್ದಾರೆಯೇ ನೋಡಿ.

ಇದು ಖರ್ಚಲ್ಲ, ನಿಮ್ಮ ಪ್ಯಾನ್‌ ಹೆಸರಿನಲ್ಲಿ ಜಮೆಯಾಗುವ ತೆರಿಗೆ. ರಿಟರ್ನ್‌ ಹಾಕಿದಾಗ ಹೊಂದಾಣಿಕೆಯಾಗುತ್ತದೆ ಅಥವಾ ವಾಪಸ್‌ ಬರುತ್ತದೆ. ನಮ್ಮ ಕಡೆ ತೊಡಕಾಗುವುದು ಇಲ್ಲಿ. ಕಾಯಿಯನ್ನು ಕ್ಯೂರಿಂಗ್‌ (ಸಿಪ್ಪೆ ತೆಗೆದು ಬೀಜ ಹಸನು ಮಾಡುವುದು) ಮಾಡಿಸದೆ ಹಾಗೇ ಮಾರುವ ಬೆಳೆಗಾರರ ವರಮಾನ ಕೃಷಿ ವರಮಾನ, ಕೇಂದ್ರದ ಆದಾಯ ತೆರಿಗೆ ಇಲ್ಲ. ಹಾಗಾಗಿ ಎಷ್ಟೋ ಜನ ರಿಟರ್ನ್‌ ಹಾಕುವುದೇ ಇಲ್ಲ. ಹಾಕದಿದ್ದರೆ ಟಿಸಿಎಸ್‌ ಹಣ ಅಲ್ಲೇ ಉಳಿಯುತ್ತದೆ. ಮನೆಯಲ್ಲಿ ರಿಟರ್ನ್‌ ಹಾಕುವ ಒಬ್ಬರ ಪ್ಯಾನ್‌ ಕೊಟ್ಟು, ಅವರ ಖಾತೆಯಿಂದಲೇ ಹಣ ಕಟ್ಟಿ.

ಕಟ್ಟುವ ವಿಧಾನ

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲೋ ಹಾಸನದ ಬಿ.ಎಂ. ರಸ್ತೆಯಲ್ಲೋ ಅಂಗಡಿ ಇಟ್ಟುಕೊಂಡ ಏಜೆಂಟರಾದರೂ ಸರಿ, ಆನ್‌ಲೈನ್‌ ಆದರೂ ಸರಿ, ಹಣ ಸಂಸ್ಥೆಯ ಖಾತೆಗೇ ಹೋಗಲಿ. ಯಾರದೋ ಸ್ವಂತ ಯುಪಿಐಗೆ ಬೇಡ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೊಟೇಷನ್ನಿನ ಫೋಟೊವನ್ನು ರಸೀದಿ ಎಂದುಕೊಳ್ಳಬೇಡಿ. ಹಡಗಿನ ಕಂಪನಿಯೇ ಕೊಡುವ ಬುಕಿಂಗ್‌ ನಂಬರ್‌ ಕೇಳಿ, ಕಂಪನಿಗೇ ಫೋನ್‌ ಮಾಡಿ ಆ ನಂಬರಿನಲ್ಲಿ ನಿಮ್ಮ ಐವರ ಹೆಸರೂ ಇದೆಯೇ ಎಂದು ಖಚಿತಮಾಡಿಕೊಳ್ಳಿ.

‘ನೋ ಕಾಸ್ಟ್‌ ಇಎಂಐ’ ನನಗೆ ಸರಿಬರುವುದಿಲ್ಲ. ಬುಕಿಂಗ್‌ ರದ್ದಾದರೂ ಕಂತು ತಾನಾಗಿ ನಿಲ್ಲುವುದಿಲ್ಲ, ಹಣ ಮರಳುವವರೆಗೆ ಬ್ಯಾಂಕಿಗೆ ಕಟ್ಟುತ್ತಲೇ ಇರಬೇಕು. ಡಾಲರಿನಲ್ಲಿ ಕಟ್ಟುವ ಬುಕಿಂಗ್‌ ಆದರೆ ಅಡ್ವಾನ್ಸ್‌ ದಿನದ ದರ ಒಂದು, ಬಾಕಿ ದಿನದ ದರ ಇನ್ನೊಂದು, ಮೇಲೆ ಕಾರ್ಡಿನ ವಿದೇಶಿ ವಹಿವಾಟು ಶುಲ್ಕ. ಪ್ರವಾಸ ವಿಮೆಯನ್ನು ಅಡ್ವಾನ್ಸ್‌ ಕಟ್ಟಿದ ವಾರದಲ್ಲೇ ಮಾಡಿಸಿ. ಆಸ್ಪತ್ರೆ ಸೇರುವುದು, ಸಾವು ಇಂಥ ಕಾರಣಕ್ಕೆ ರದ್ದಾದರೆ ಅದು ನೆರವಿಗೆ ಬರುತ್ತದೆ. ‘ಕೆಲಸ ಬಂತು’ ಎಂಬ ಕಾರಣಕ್ಕೆ ಬರುವುದಿಲ್ಲ.

ಬರಬೇಕಾದ ಹಣ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದಾವೆ ಹೂಡಬಹುದು, ಮುಂಬೈಗೆ ಅಲೆಯಬೇಕಿಲ್ಲ.

ಇನ್ನೊಂದು: ಹಡಗು ಹೊರಡುವ ಹಿಂದಿನ ದಿನವೇ ಬಂದರಿನ ಊರು ಸೇರಿ. ತಡವಾಗಿ ಹಡಗು ತಪ್ಪಿದರೆ ಪೂರ್ತಿ ದರವೂ ಹೋದಂತೆ.

ಹಡಗು ಹತ್ತಿದ ಮೇಲೆ ಮತ್ತೊಂದು ಡೆಪಾಸಿಟ್‌

ಇದನ್ನು ಬುಕಿಂಗ್‌ ಹೊತ್ತಿಗೆ ಯಾರೂ ಹೇಳುವುದಿಲ್ಲ. ಹಡಗಿನೊಳಗೆ ನಗದು ನಡೆಯುವುದಿಲ್ಲ, ಎಲ್ಲವೂ ಕ್ಯಾಬಿನ್‌ ಕಾರ್ಡಿಗೆ ಬರೆದುಕೊಳ್ಳುತ್ತದೆ. ಆ ಖಾತೆ ತೆರೆಯಲು ಚೆಕ್‌–ಇನ್‌ನಲ್ಲೇ ನಿಮ್ಮ ಕಾರ್ಡಿನಲ್ಲಿ ಒಂದು ಮೊತ್ತ ತಡೆಹಿಡಿಯುತ್ತಾರೆ, ಅಥವಾ ನಗದು ಇಡಲು ಹೇಳುತ್ತಾರೆ. ಎರಡು ಕ್ಯಾಬಿನ್‌ ಇದ್ದರೆ ಎರಡು ಸಲ. ಡೆಬಿಟ್‌ ಕಾರ್ಡ್‌ ಕೊಟ್ಟರೆ ಖಾತೆಯಲ್ಲಿನ ನಿಜವಾದ ದುಡ್ಡೇ ಸಿಕ್ಕಿಹಾಕಿಕೊಂಡು, ಬಿಡುಗಡೆಯಾಗಲು ಊರಿಗೆ ಬಂದ ಮೇಲೂ ಕೆಲವು ದಿನ ಹಿಡಿಯುತ್ತದೆ. ಕ್ರೆಡಿಟ್‌ ಕಾರ್ಡ್‌ ಕೊಡಿ. ಮಕ್ಕಳ ಕಾರ್ಡಿನಲ್ಲಿ ಖರೀದಿ ಆಗದಂತೆ ಕೌಂಟರಿನಲ್ಲೇ ಹೇಳಿ ಬಂದ್‌ ಮಾಡಿಸಿ. ಕೊನೆಯ ರಾತ್ರಿ ಬಿಲ್‌ ಬಂದಾಗ ಟಿಪ್ಸ್‌ ಎರಡು ಸಲ ಹಾಕಿದ್ದಾರೆಯೇ ನೋಡಿ. ಮೊದಲೇ ಕಟ್ಟಿದ್ದರೆ ರಸೀದಿ ತೋರಿಸಿ ತೆಗೆಸಬೇಕು, ಇಳಿದ ಮೇಲೆ ಅದನ್ನು ಸರಿಪಡಿಸಿಕೊಳ್ಳುವುದು ಕಷ್ಟ.